ಹೊಳೆ ಹಿಡಿಯದ ಡಿಸ್ಕು

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇವತ್ತಿಗೂ ಸಿಡಿಗೆ ಹಾಡು ತುಂಬಿಸಿಕೊಡುವ ಅಂಗಡಿಯೊಂದಿದೆ ಎಂದರೆ ಊರಿನ ಹುಡುಗರೇ ನಂಬುವುದಿಲ್ಲ. ಬೋರ್ಡಿನ ಮೇಲೆ ಜೆರಾಕ್ಸ್, ಲ್ಯಾಮಿನೇಷನ್, ಮೊಬೈಲ್ ಕರೆನ್ಸಿ ಎಂದು ದಪ್ಪಕ್ಷರದಲ್ಲಿದೆ. ಸಿಡಿ ಎನ್ನುವುದು ಕೆಳಗಿನ ಮೂಲೆಯಲ್ಲಿ ಬಣ್ಣ ಹೋಗಿ ಕೂತಿದೆ, ಗೊತ್ತಿದ್ದವರಿಗಷ್ಟೇ ಕಾಣುತ್ತದೆ. ಅಂಗಡಿ ಶುರು ಮಾಡಿದ್ದು ನಾಗರಾಜ್, ಕ್ಯಾಸೆಟ್ಟಿನ ಕಾಲದಲ್ಲಿ. ಒಂದೇ ಕಡೆ ಕೂತು ಮಾಡುವ ಕೆಲಸ ಅವನಿಗೆ ಒಗ್ಗಲಿಲ್ಲ. ಅವನು ಲಾರಿ ಹತ್ತಿದ, ಅಂಗಡಿ ಹೆಂಡತಿ ಧನಲಕ್ಷ್ಮಿಯ ತಲೆಗೆ ಬಂತು. ಸೊರಬದ ಕಡೆಯ ಹಳ್ಳಿಯಿಂದ ಬಂದಿದ್ದ ಹೆಂಗಸು ಕಂಪ್ಯೂಟರಿನ ಮುಂದೆ ಕೂತಾಗ ಗಲ್ಲಿಯವರು ನಕ್ಕರು. ಅವಳು ಯಾರ ನಗುವಿಗೂ ತಲೆ ಕೆಡಿಸಿಕೊಳ್ಳದೆ ಒಂದೊಂದೇ ಕಲಿತಳು. ನಕ್ಕವರೇ ಆಮೇಲೆ ಮಗಳ ಮದುವೆಗೆ ಹಾಡು ತುಂಬಿಸಿಕೊಳ್ಳಲು ಅವಳ ಮುಂದೆ ಸಾಲು ನಿಂತರು. ಅದು ಹಳೇ ಮಾತು. ಈಗ ಬರುವವರು ತಾಳಗುಂದದ ಕಡೆಯ ಟ್ರ್ಯಾಕ್ಟರಿನವರು, ತೊಗರ್ಸಿಯ ಭಜನೆಯವರು, ಹಳೇ ಕಾರು ಮಾರಲು ಮನಸ್ಸಿಲ್ಲದವರು.

ಬಂದವರದು ಒಂದೇ ತಕರಾರು.

"ಅಕ್ಕಾರೆ, ಮೊನ್ನೆ ಇದೇ ಡಿಸ್ಕಿಗೆ ನೂರು ಹಾಡು ಹಿಡಿಸಿದ್ರಿ. ಇವತ್ತು ನೋಡಿದ್ರೆ ಹದಿನೈದಕ್ಕೇ ಮುಗೀತು ಅಂತೀರಲ್ರೀ?"

ಧನಲಕ್ಷ್ಮಿ ತಲೆ ಎತ್ತದೆಯೇ ಹೇಳುತ್ತಿದ್ದಳು. "ಹಪ್ಪಳ ಒಣಗಿಸಿ ಡಬ್ಬಿಗೆ ತುಂಬಿದ್ರೆ ನೂರು ಹಿಡೀತಾವ್ರೀ. ಕರಿದು ತುಂಬಿ ನೋಡ್ರಿ, ಎಷ್ಟು ಹಿಡೀತಾವೆ? ಎಂಪಿತ್ರೀ ಅಂದ್ರೆ ಒಣಗಿದ ಹಪ್ಪಳ. ನಿಮ್ಮ ಟ್ರ್ಯಾಕ್ಟರಿನ ಪ್ಲೇಯರು ತಾನೇ ಕರಿದ್ಕೊಂಡು ತಿಂತದೆ. ಹಳೇ ಪ್ಲೇಯರಿಗೆ ಕರಿಯೋಕೆ ಬರಲ್ಲ, ಅದಕ್ಕೆ ಕರಿದೇ ಹಾಕ್ಬೇಕು. ಕರಿದದ್ದು ಎಂಬತ್ತು ನಿಮಿಷಕ್ಕಿಂತ ಒಂದು ಚೂರೂ ಜಾಸ್ತಿ ಹಿಡಿಯಲ್ಲ."

ಅವರು ತಲೆಯಾಡಿಸಿ ಹೋಗುತ್ತಿದ್ದರು. ಮುಂದಿನ ಸಲ ಮತ್ತೆ ಅದನ್ನೇ ಕೇಳುತ್ತಿದ್ದರು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಸೊರಬದ ಕಡೆಯಿಂದ ಲೋಕಪ್ಪ ಬಂದ. ಧನಲಕ್ಷ್ಮಿಯ ಸೋದರತ್ತೆ ದುರುಗಮ್ಮನ ಗಂಡ ಅವನು. ತಾಯಿ ಸತ್ತಾಗ ಧನಲಕ್ಷ್ಮಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಎತ್ತಿಕೊಂಡು ಹೋಗಿ ಸಾಕಿದವಳು ಈ ಅತ್ತೆ. ಮದುವೆ ಮಾಡಿ ಕಳಿಸಿದವಳೂ ಅವಳೇ. ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಧನಲಕ್ಷ್ಮಿ ಜೊತೆಗೇ ಇದ್ದು ನೋಡಿಕೊಂಡಿದ್ದಳು. ಅಷ್ಟು ದಿನದಲ್ಲಿ ಅತ್ತೆ ಒಂದು ಸಲವೂ "ಧನೂ" ಎನ್ನಲಿಲ್ಲ. ನೀರು ಬೇಕಾದರೆ ಎಡಗೈಯಲ್ಲಿ ಮಂಚ ಬಡಿಯುತ್ತಿದ್ದಳು, ಬಡಿದು ಅಳುತ್ತಿದ್ದಳು.

"ಡಾಕ್ಟ್ರು ಒಂದು ಮಾತು ಹೇಳಿದ್ರು ತಾಯಿ," ಎಂದ ಲೋಕಪ್ಪ ಸ್ಟೂಲಿನ ತುದಿಯಲ್ಲಿ ಕೂತು. "ಮಾತು ಹೋದವ್ರಿಗೂ ಒಂದೊಂದ್ಸಲ ಹಾಡು ಉಳ್ಕಂಡಿರ್ತದಂತೆ. ಹಳೇ ಹಾಡು ದಿನಾ ಕೇಳ್ಸಿ, ಅದರ ಹಿಂದೆ ಮಾತೂ ಬಂದ್ರೆ ಬರ್ಬಹುದು ಅಂದ್ರು. ಆವತ್ತು ಗದ್ದೇಲಿ ನೀನು ಹಿಡ್ಕಂಡಿದ್ಯಲ್ಲ, ಅವಳ ಪದ, ಅದು ಐತಾ?"

ಇತ್ತು. ಅಂಗಡಿಯಲ್ಲಿ ಸಾವಿರಾರು ಹಾಡು ಬಂದುಹೋಗಿದ್ದವು, ಜಾಗ ಸಾಲದಾಗ ಎಷ್ಟನ್ನೋ ಅಳಿಸಿದ್ದಳು. ಅತ್ತೆಯ ಪದವನ್ನು ಮಾತ್ರ ಮುಟ್ಟಿರಲಿಲ್ಲ. ಅದನ್ನು ಒಣಗಿಸಲೂ ಮನಸ್ಸು ಬಾರದೆ, ಹಿಡಿದದ್ದನ್ನು ಹಿಡಿದಂತೆ, ನಿಮಿಷಕ್ಕೆ ಹತ್ತು ಎಂಬಿ ನುಂಗುವ ದೊಡ್ಡ ಫೈಲಾಗಿಯೇ ಇಟ್ಟಿದ್ದಳು.

ಅದು ಕೆಂಚವ್ವನ ಪದ. ನಾಟಿ ಗದ್ದೆಯಲ್ಲಿ ಹೆಂಗಸರು ಸಾಲುಗಟ್ಟಿ ಸಸಿ ನೆಡುತ್ತಾ ಹೇಳುವಂಥದ್ದು. ದುರುಗಮ್ಮ ಒಂದು ಸಾಲು ಹೇಳಿದರೆ ಹಿಂದಿನವರೆಲ್ಲ ಸೊಲ್ಲು ಹಿಡಿದು ಅದೇ ಸಾಲನ್ನು ತಿರುಗಿ ಹೇಳಬೇಕು. ಅಣ್ಣನ ಸಸಿಮಡಿ ಮಳೆಗೆ ಕೊಚ್ಚಿಹೋಯಿತೆಂದು ಕೇಳಿ ಕೆಂಚವ್ವ ಗಂಡನ ಮನೆಯಿಂದ ಸಸಿಕಟ್ಟು ತಲೆ ಮೇಲಿಟ್ಟುಕೊಂಡು ತವರಿಗೆ ಹೊರಡುತ್ತಾಳೆ. ನಡುವೆ ತುಂಬಿದ ಹೊಳೆ. ಪದದ ಅರ್ಧಕ್ಕಿಂತ ಹೆಚ್ಚು ಅವಳು ಆ ಹೊಳೆಯಲ್ಲೇ ಇರುತ್ತಾಳೆ. ಮೀನಿನ ಹತ್ತಿರ, ಸುಳಿಯ ಹತ್ತಿರ, ತೇಲಿ ಬಂದ ಮರದ ಹತ್ತಿರ ಒಂದೊಂದಾಗಿ ದಾರಿ ಬೇಡುತ್ತಾಳೆ. ದಡ ಹತ್ತುವುದು ಕಟ್ಟಕಡೆಯ ಸಾಲಿನಲ್ಲಿ.

ಈ ಪದಕ್ಕೊಂದು ಕಟ್ಟುಪಾಡಿತ್ತು. ಕೆಂಚವ್ವ ಇನ್ನೂ ದಾರಿಯಲ್ಲಿರುವಾಗ ಬೇಕಾದರೆ ಪದ ನಿಲ್ಲಿಸಿ ಉಣ್ಣಬಹುದು, ಎಲೆಯಡಿಕೆ ಹಾಕಬಹುದು. ಹೊಳೆಗೆ ಕಾಲಿಟ್ಟ ಮೇಲೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಅವಳು ಅಲ್ಲೇ ನಿಂತಿರುತ್ತಾಳೆ, ತಲೆ ಮೇಲಿನ ಹೊರೆಯ ಸಮೇತ. ಹಾಗೆ ನಿಲ್ಲಿಸಿ ಬಂದವರ ಮನೆಗೆ ಒಳ್ಳೆಯದಾಗುವುದಿಲ್ಲ. ನಾಟಿ ಮುಗಿದು, ಮಳೆ ಹಿಡಿದು, ಗದ್ದೆಯ ಯಜಮಾನರೇ ಹೊರಡಿ ಎಂದರೂ ದುರುಗಮ್ಮ ತನ್ನ ಸಾಲಿನವರನ್ನು ಕೆಸರಲ್ಲೇ ನಿಲ್ಲಿಸಿಕೊಂಡು ಕೆಂಚವ್ವನನ್ನು ದಡ ಹತ್ತಿಸುತ್ತಿದ್ದಳು. ಹತ್ತಿಸಿದ ಮೇಲೆಯೇ "ಸಾಕು ನಡೀರೇ, ಕಾಲು ತೊಳೀರಿ" ಎನ್ನುತ್ತಿದ್ದಳು. ಆ ಮಾತು ಬೀಳುವವರೆಗೆ ಯಾರೂ ಬದು ಹತ್ತುತ್ತಿರಲಿಲ್ಲ.

ಧನಲಕ್ಷ್ಮಿ ಸಣ್ಣ ರೆಕಾರ್ಡರನ್ನು ಸೆರಗಿಗೆ ಕಟ್ಟಿಕೊಂಡು ತಾನೂ ಆ ಸಾಲಿಗಿಳಿದು ಹಿಡಿದುಕೊಂಡ ಪದವದು. ಮಾರನೇ ವರ್ಷವೇ ಆ ಗದ್ದೆಗೆ ನಾಟಿ ಮಾಡುವ ಮಿಷನ್ ಬಂತು. ಮಿಷನ್ನಿಗೆ ಪದ ಬೇಕಿರಲಿಲ್ಲ.

ಎರಡೂವರೆ ತಾಸು ಮೀರುವ ಪದವನ್ನು ಒಂದೇ ಡಿಸ್ಕಿಗೆ ಹಿಡಿಸಬೇಕೆಂದು ಧನಲಕ್ಷ್ಮಿ ಎಂಪಿತ್ರೀ ಮಾಡಿದಳು. ಡಿಸ್ಕಿನ ಕಾಲುಭಾಗವೂ ತುಂಬಲಿಲ್ಲ. ಖುಷಿಯಿಂದ ಶಿರಾಳಕೊಪ್ಪದ ಮೇಲಿನ ಬಸ್ಸು ಹಿಡಿದು ಹೋದಳು. ಅತ್ತೆಯ ಮಂಚದ ತಲೆದೆಸೆಯಲ್ಲಿ ಸ್ಟೂಲಿನ ಮೇಲೆ ಅವಳ ಪ್ಲೇಯರು ಕೂತಿತ್ತು, ನಾಟಿ ಕೂಲಿ ಕೂಡಿಟ್ಟು ಅತ್ತೆ ತಾನೇ ಕೊಂಡಿದ್ದು. ಡಿಸ್ಕ್ ಹಾಕಿದರೆ ಅದು ಗರಗರ ಸುತ್ತಿ ಸುಮ್ಮನಾಯಿತು. ಊರಿಗೆಲ್ಲ ಹಪ್ಪಳದ ಕಥೆ ಹೇಳುವವಳು ಅತ್ತೆಯ ಪ್ಲೇಯರಿಗೆ ಕರಿಯಲು ಬರುತ್ತದೋ ಇಲ್ಲವೋ ಎಂದು ಕೇಳಿಯೇ ಇರಲಿಲ್ಲ. ಧನಲಕ್ಷ್ಮಿಗೆ ತನ್ನ ಮೇಲೇ ಸಿಟ್ಟು ಬಂತು.

ಪೆನ್ ಡ್ರೈವ್ ಹಾಕುವ ಹೊಸ ಸ್ಪೀಕರ್ ತಂದುಕೊಟ್ಟಳು. ಅತ್ತೆ ಅದರ ಸಣ್ಣ ಗುಂಡಿಗಳನ್ನು ಎಡಗೈಯಲ್ಲಿ ತಡವಿ ತಡವಿ ಸೋತು ಆಚೆ ನೂಕಿದಳು. ಮೊಬೈಲಿನಲ್ಲಿ ಹಾಕಿಟ್ಟರೆ ನಡುವೆ ಯಾರದೋ ಫೋನು ಬಂದು ಪದ ನಿಲ್ಲುತ್ತಿತ್ತು. ಹಳೇ ಪ್ಲೇಯರಿನ ದೊಡ್ಡ ಗುಂಡಿಯೊಂದೇ ಅವಳ ಕೈಗೆ ನೆನಪಿತ್ತು. ಲೋಕಪ್ಪ ಗದ್ದೆಗೆ ಹೋದರೆ ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಅವಳು, ಪ್ಲೇಯರು, ಗೋಡೆ, ಇಷ್ಟೇ.

ಹಾಗಾದರೆ ಕರಿದೇ ಹಾಕಬೇಕು, ಎರಡು ಡಿಸ್ಕಿಗೆ. ಕೆಂಚವ್ವ ಹೊಳೆಗಿಳಿಯುವ ಮೊದಲೇ ಒಂದನೆಯದನ್ನು ಮುಗಿಸೋಣವೆಂದು ನೋಡಿದಳು. ಹೊಳೆಯ ಭಾಗವೊಂದೇ ಒಂದೂವರೆ ತಾಸು ದಾಟುತ್ತಿತ್ತು. ಡಿಸ್ಕಿನಲ್ಲಿ ಎಂಬತ್ತು ನಿಮಿಷ. ಎಲ್ಲಿ ತುಂಡು ಮಾಡಿದರೂ ಕೆಂಚವ್ವ ನೀರಿನಲ್ಲೇ ನಿಲ್ಲುತ್ತಿದ್ದಳು. ಬೇರೆ ದಾರಿ ಕಾಣದೆ ನಡುಹೊಳೆಯಲ್ಲೇ ತುಂಡು ಮಾಡಿ ಕೊಟ್ಟಳು.

ವಾರ ಕಳೆಯುವಷ್ಟರಲ್ಲಿ ಲೋಕಪ್ಪನ ಫೋನು. "ಬೇಡ ಮಾರಾಯ್ತಿ, ನೋಡಕ್ಕಾಗಲ್ಲ. ಮೊದಲ್ನೇದು ನಿಂತ ಕೂಡ್ಲೇ ಮಂಚ ಬಡಿಯಾಕೆ ಶುರು ಮಾಡ್ತಾಳೆ. ಎರಡನೇದು ಗೋಡೆ ಗೂಡಲ್ಲಿರ್ತದೆ, ಅವಳಿಗೆ ಎದ್ದು ಹಾಕಾಕೆ ಬರಲ್ಲ. ನಾನು ಬರಾ ಹೊತ್ತಿಗೆ ಕೈ ಬಾತಿರ್ತದೆ."

ಹಾಡಿನಿಂದ ಮಾತು ಬರಬೇಕಿತ್ತು, ಬಂದದ್ದು ಸಂಕಟ. ಧನಲಕ್ಷ್ಮಿ ಆವತ್ತು ಊಟ ಬಿಟ್ಟಳು.

ಮಾರನೇ ದಿನ ಅವಳಿಗೊಂದು ಉಪಾಯ ಹೊಳೆಯಿತು. ಪ್ರತಿ ಸಾಲೂ ಎರಡೆರಡು ಸಲ ಇದೆಯಲ್ಲ? ಹಿಂದಿನವರು ತಿರುಗಿ ಹೇಳುವ ಸೊಲ್ಲನ್ನೆಲ್ಲ ತೆಗೆದುಬಿಟ್ಟರೆ ಅರ್ಧಕ್ಕರ್ಧ ಇಳಿಯುತ್ತದೆ. ಕೆಂಚವ್ವ ಹೊರಟು ದಡ ಸೇರುವವರೆಗೆ ಎಲ್ಲ ಒಂದೇ ಡಿಸ್ಕಿನಲ್ಲಿ. ಜೆರಾಕ್ಸಿಗೆ ಬಂದವರನ್ನು ಕಾಯಿಸಿ, ಬೈಸಿಕೊಂಡು, ಸಂಕ್ರಾಂತಿಯವರೆಗೂ ಅದನ್ನೇ ಮಾಡಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದು ಸೊಲ್ಲಿನ ತಲೆ ಹುಡುಕಿ, ಬಾಲ ಹುಡುಕಿ, ಕತ್ತರಿಸುವುದು. ಆ ಸಾಲಿನಲ್ಲಿದ್ದ ಹೆಂಗಸರಲ್ಲಿ ಕೆಲವರು ತೀರಿಕೊಂಡಿದ್ದರು. ಅವರ ದನಿ ಗುರುತು ಸಿಗುತ್ತಿತ್ತು. ಎಲ್ಲರಿಗಿಂತ ಅರ್ಧ ಉಸಿರು ತಡವಾಗಿ ಎತ್ತುವ ಒಂದು ಸಣ್ಣ ದನಿಯಿತ್ತು, ಅದು ಅವಳದೇ. ಅದನ್ನೂ ಕತ್ತರಿಸಿದಳು. ಎಲ್ಲ ಮುಗಿದಾಗ ಎಂಬತ್ತು ನಿಮಿಷಕ್ಕೆ ಇನ್ನೂ ಕೂದಲೆಳೆಯಷ್ಟು ಹೆಚ್ಚಿತ್ತು. ಕೊನೆಯಲ್ಲಿ ಪದ ಮುಗಿದ ಮೇಲಿನ ಗದ್ದಲ, ಸಾಕು ನಡೀರೇ ಎನ್ನುವ ಅತ್ತೆಯ ಮಾತು ಇತ್ತು, ಪದವಲ್ಲವಲ್ಲ ಎಂದು ಅದನ್ನೂ ತೆಗೆದಳು. ಡಿಸ್ಕು ಒಪ್ಪಿಕೊಂಡಿತು.

ಈ ಸಲ ತಾನೇ ಕೂತು ಕೇಳಿಸಿದಳು. ಡಿಸ್ಕಿನೊಳಗಿನ ದುರುಗಮ್ಮ ಮೊದಲ ಸಾಲು ಹೇಳಿದಳು. ಮಂಚದ ಮೇಲಿನ ದುರುಗಮ್ಮ ತಲೆ ಎತ್ತಿದಳು. ಸೊಲ್ಲು ಬರಲಿಲ್ಲ. ಅವಳ ಬಾಯಿ ಸೊಟ್ಟಗೆ ತೆರೆಯಿತು, ಗಂಟಲಲ್ಲಿ ಏನೋ ಎದ್ದು ಬರುತ್ತಿತ್ತು. ಅಷ್ಟರಲ್ಲಿ ಎರಡನೇ ಸಾಲು ಶುರುವಾಗಿ ಬಿಟ್ಟಿತು. ಮತ್ತೆ ಬಾಯಿ ತೆರೆದಳು, ಮತ್ತೆ ತಡವಾಯಿತು. ಓಡುವ ಬಸ್ಸನ್ನು ಹಿಡಿಯಲಾಗದವರ ಹಾಗೆ ಸಾಲು ಸಾಲಿಗೂ ಹಿಂದೆ ಬಿದ್ದು, ಕೊನೆಗೆ ಎಡಗೈಯಿಂದ ಮುಖ ಮುಚ್ಚಿಕೊಂಡಳು.

ನೋಡುತ್ತಿದ್ದ ಧನಲಕ್ಷ್ಮಿಗೆ ಆಗ ಅರ್ಥವಾಗಿ ಅಳು ಬಂತು. ಜೀವಮಾನವಿಡೀ ಮುಂದೆ ಹೇಳಿದವಳು ಈಗ ಹಿಂದಿನವರ ಜಾಗದಲ್ಲಿ ನಿಂತು ಸೊಲ್ಲು ಹಿಡಿಯಲು ಹೊರಟಿದ್ದಳು. ಅವಳಿಗೆ ಬೇಕಾದದ್ದು ಹಾಡಲ್ಲ, ಹಾಡಿನ ನಡುವೆ ಒಂದಿಷ್ಟು ಜಾಗ. ತಾನು ಅದನ್ನೇ ಕತ್ತರಿಸಿ ಎಸೆದಿದ್ದಳು.

ಅಂಗಡಿಗೆ ಬಂದು ಮತ್ತೆ ಕೂತಳು. ಕತ್ತರಿಸಿದ ಪ್ರತಿ ಸೊಲ್ಲಿನ ಜಾಗದಲ್ಲಿ ಅಷ್ಟೇ ಉದ್ದದ ಬಿಡುವು. ಪೂರಾ ಸದ್ದಿಲ್ಲದಿದ್ದರೆ ಡಿಸ್ಕು ಕೆಟ್ಟಿತೆಂದು ಅತ್ತೆ ಗುಂಡಿ ಒತ್ತಿಬಿಟ್ಟಾಳು. ಹಾಗಾಗಿ ಪದ ಶುರುವಾಗುವ ಮುಂಚೆ ರೆಕಾರ್ಡರಿಗೆ ಸಿಕ್ಕಿದ್ದ ಗದ್ದೆಯ ನೀರಿನ ಸದ್ದು, ಕೆಸರಿನಿಂದ ಕಾಲು ಕೀಳುವ ಸದ್ದು, ಅದನ್ನೇ ತೆಗೆದು ತೆಗೆದು ತುಂಬಿದಳು. ಉದ್ದ ನೋಡಿದರೆ ಮತ್ತೆ ಎರಡೂವರೆ ತಾಸು. ಈ ಡಿಸ್ಕಿನ ಲೆಕ್ಕವೇ ಹಾಗೆ. ಅದಕ್ಕೆ ಹಾಡೂ ಒಂದೇ, ಸುಮ್ಮನಿರುವುದೂ ಒಂದೇ, ಎರಡಕ್ಕೂ ಅಷ್ಟೇ ಜಾಗ ಬೇಕು. ಇಷ್ಟು ವರ್ಷ ಇದನ್ನು ಗಿರಾಕಿಗಳಿಗೆ ಹೇಳಿದ್ದಳು, ತಾನು ಅರ್ಥ ಮಾಡಿಕೊಂಡದ್ದು ಈಗ. ಮತ್ತೆ ಎರಡು ಡಿಸ್ಕು, ಮತ್ತೆ ಕೆಂಚವ್ವ ನಡುಹೊಳೆಯಲ್ಲಿ.

"ಮಾವ, ನೀವು ಮನೇಲಿದ್ದಾಗ ಮಾತ್ರ ಹಾಕ್ಬೇಕು," ಎಂದು ಕಟ್ಟಪ್ಪಣೆ ಮಾಡಿದಳು. "ಮೊದಲ್ನೇದು ಮುಗಿದ ತಕ್ಷಣ ಎರಡನೇದು ಹಾಕ್ಬೇಕು. ಕಾಯಿಸ್ಬಾರ್ದು."

"ಆತು ತಾಯಿ. ನಿನ್ನ ಕೆಂಚವ್ವನ್ನ ನೀರಲ್ಲಿ ಬಿಡಲ್ಲ," ಎಂದ ಲೋಕಪ್ಪ.

ಯುಗಾದಿಯ ಹೊತ್ತಿಗೆ ದುರುಗಮ್ಮ ಸಾಲಿನ ಕೊನೆಯ ಅಕ್ಷರ ಹಿಡಿಯುತ್ತಿದ್ದಳು. ಬೇಸಿಗೆ ಕಳೆಯುವಷ್ಟರಲ್ಲಿ ಅರ್ಧ ಸಾಲು. ನಾಲಗೆ ದಪ್ಪ, ಮಾತು ತೊದಲು, ಆದರೆ ಬಿಡುವಿನೊಳಗೆ ಸರಿಯಾಗಿ ಕೂರುತ್ತಿತ್ತು. ಧನಲಕ್ಷ್ಮಿ ತಿಂಗಳಿಗೆರಡು ಸಲ ಹೋಗಿ ನೋಡುತ್ತಿದ್ದಳು. ಸಂತೋಷವೇನೋ ಆಗುತ್ತಿತ್ತು, ಆದರೆ ಒಳಗೊಂದು ಮುಳ್ಳು ಉಳಿದಿತ್ತು. ಡಿಸ್ಕು ತಿರುಗುವಾಗ "ನಡುಮಟ್ಟ ನೀರು ಕೆಂಚವ್ವ" ಎನ್ನುವ ಅತ್ತೆ ಡಿಸ್ಕು ನಿಂತರೆ ನೀರು ಬೇಕು ಎನ್ನಲಾರಳು. ಮಂಚ ಬಡಿಯುತ್ತಿದ್ದಳು, ಅಷ್ಟೇ. ಅದೆಲ್ಲ ಪದದ ಮಾತು, ಯಾರೋ ಕಟ್ಟಿಟ್ಟದ್ದು. ತನ್ನದು ಎನ್ನುವ ಒಂದು ಮಾತು ಅತ್ತೆಯ ಬಾಯಲ್ಲಿ ಇನ್ನು ಬರುತ್ತದೋ ಇಲ್ಲವೋ? ಡಾಕ್ಟರನ್ನು ಕೇಳಿದರೆ, "ಹೇಳಕ್ಕಾಗಲ್ಲಮ್ಮ," ಎಂದಿದ್ದರು.

ಮುಂಗಾರು ಹಿಡಿಯಿತು. ಅಂಗಡಿಗೆ ಬೀಗ ಹಾಕಿಕೊಂಡು ಧನಲಕ್ಷ್ಮಿ ಒಂದು ಬೆಳಗ್ಗೆ ಹೊರಟಳು. ಊರಿನ ತಿರುವಿನಲ್ಲಿ ಬಸ್ಸಿಳಿದಾಗ ರಸ್ತೆಯೆಲ್ಲ ಕೆಸರಾಗಿತ್ತು. ಲೋಕಪ್ಪನ ಹೊಲದಲ್ಲಿ ಬಾಡಿಗೆ ಟ್ರ್ಯಾಕ್ಟರು ಸಾಗುತ್ತಿತ್ತು, ಅದರ ಹಿಂದೆ ಬೀಜದ ಬುಟ್ಟಿ ಹಿಡಿದು ಓಡುತ್ತಿದ್ದವನು ಲೋಕಪ್ಪನೇ. ಇವಳನ್ನು ಕಂಡು ಅಲ್ಲಿಂದಲೇ ಕೂಗಿದ.

"ಟ್ರ್ಯಾಕ್ಟರ್ ಹೊತ್ತಿಗೆ ಮುಂಚೇನೇ ಬಂದ್ಬಿಡ್ತು ಕಣೇ! ಮಳೆ ಬಿಟ್ಟಾಗ್ಲೇ ಬಿತ್ಬೇಕು ಅಂದ ಡ್ರೈವರು. ಮೊದಲ್ನೇ ಡಿಸ್ಕ್ ಹಾಕಿ ಬಂದೀನಿ, ಮುಗಿಯಾಕಾತು. ನೀನು ಓಡು!"

ಧನಲಕ್ಷ್ಮಿ ಓಡಿದಳು. ಚಪ್ಪಲಿ ಕೆಸರಲ್ಲಿ ಹೂತು ಉಳಿಯಿತು, ಬಿಟ್ಟು ಓಡಿದಳು. ಅತ್ತೆ ಮಂಚ ಬಡಿಯುವ ಸದ್ದು ಕೇಳುತ್ತದೆಂದು ಕಿವಿ ಕಾದಿತ್ತು. ಹಿತ್ತಲ ಬೇಲಿ ದಾಟುವಾಗ ಪದ ಕೇಳಿಸಿತು. ನಿಂತು ಆಲಿಸಿದಳು. ಸುಳಿಯ ಹತ್ತಿರ ಬೇಡುವ ಸಾಲುಗಳು ದಾಟಿ ಹೋಗಿದ್ದವು. ತೇಲಿ ಬಂದ ಮರದ ಸಾಲುಗಳು ನಡೆದಿದ್ದವು. ಅದು ಎರಡನೇ ಡಿಸ್ಕು, ಅದೂ ಕೊನೆಗೆ ಬಂದಿತ್ತು. ಲೋಕಪ್ಪ ಮನೆ ಬಿಟ್ಟು ಎಷ್ಟು ಹೊತ್ತಾಯಿತೆಂಬ ಲೆಕ್ಕ ಅವನಿಗೇ ತಪ್ಪಿತ್ತು. ಹಾಗಾದರೆ ಡಿಸ್ಕು ಬದಲಿಸಿದ್ದು ಯಾರು?

ಒಳಗೆ ಮಂಚ ಖಾಲಿಯಿತ್ತು. ಕಂಬಳಿ ಜಾರಿ ನೆಲಕ್ಕೆ ಬಿದ್ದಿತ್ತು. ಮಂಚದಿಂದ ಗೋಡೆಯ ಗೂಡಿನವರೆಗೆ, ಗೂಡಿನಿಂದ ಸ್ಟೂಲಿನವರೆಗೆ, ಸಗಣಿ ಸಾರಿಸಿದ ನೆಲದ ಮೇಲೆ ಎಳೆದುಕೊಂಡು ಹೋದ ಗುರುತು. ದುರುಗಮ್ಮ ಸ್ಟೂಲಿನ ಕಾಲಿಗೆ ಒರಗಿ ನೆಲದಲ್ಲಿ ಕೂತಿದ್ದಳು. ಮೊಣಕಾಲು ತರಚಿ ರಕ್ತ ಒಸರುತ್ತಿತ್ತು, ಸೆರಗು ಎಲ್ಲೋ, ತಲೆಗೂದಲು ಎಲ್ಲೋ. ಮೊದಲನೇ ಡಿಸ್ಕು ಮಡಿಲಲ್ಲಿತ್ತು. ಕಣ್ಣು ಪ್ಲೇಯರಿನ ಮೇಲೆ ನೆಟ್ಟಿತ್ತು. ಬಿಡುವು ಬಂದಾಗ ಸೊಲ್ಲು ಹಿಡಿಯುತ್ತಿದ್ದಳು, ಒಂದನ್ನೂ ಬಿಡದೆ.

ಎತ್ತಿ ಮಂಚದ ಮೇಲೆ ಕೂರಿಸಬೇಕೆಂದು ಧನಲಕ್ಷ್ಮಿ ಮುಂದೆ ಹೋದಳು. ಅತ್ತೆ ಎಡಗೈ ಎತ್ತಿ ತಡೆದಳು. ಹೊಳೆಗಿಳಿದವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಧನಲಕ್ಷ್ಮಿ ಅಲ್ಲೇ ಪಕ್ಕದಲ್ಲಿ ಕೂತಳು. ಸೊಲ್ಲು ಅವಳ ನಾಲಗೆಯ ತುದಿಗೂ ಬಂತು, ಅಭ್ಯಾಸ ಹೋಗುತ್ತದೆಯೇ? ತುಟಿ ಕಚ್ಚಿ ಹಿಡಿದಳು. ಆ ಜಾಗ ಅತ್ತೆಗೆಂದು ಬಿಟ್ಟದ್ದು.

"ದಡ ಸೇರ್ಯಾಳೆ ಕೆಂಚವ್ವ, ಸಸಿ ಬಾಡಿಲ್ಲ," ಎಂದಳು ಡಿಸ್ಕಿನೊಳಗಿನ ದುರುಗಮ್ಮ.

ನೀರಿನ ಸದ್ದು. ಕೆಸರಿನಿಂದ ಕಾಲು ಕೀಳುವ ಸದ್ದು.

"ದಡ... ಸೇರ್ಯಾಳೆ," ಎಂದಳು ನೆಲದಲ್ಲಿ ಕೂತವಳು. "ಸಸಿ... ಬಾಡಿಲ್ಲ."

ಡಿಸ್ಕು ಗರ್ರೆಂದು ತಿರುಗಿ ನಿಂತಿತು. ಇನ್ನು ಅದರಲ್ಲಿ ಏನೂ ಇರಲಿಲ್ಲ. ಉಳಿದದ್ದನ್ನೆಲ್ಲ ಧನಲಕ್ಷ್ಮಿಯೇ ಕತ್ತರಿಸಿದ್ದಳಲ್ಲ. ಹೊರಗೆ ಮಳೆ ಹನಿಯಲು ಶುರುವಾಯಿತು. ದುರುಗಮ್ಮ ನಿಧಾನಕ್ಕೆ ಕತ್ತು ತಿರುಗಿಸಿ ಸೊಸೆಯ ಮುಖ ನೋಡಿದಳು. ಆಮೇಲೆ ಅವಳ ಕಾಲು ನೋಡಿದಳು, ಹಿಮ್ಮಡಿಯಿಂದ ಮೀನಖಂಡದವರೆಗೆ ಕೆಸರು. ಬಾಗಿಲಿನಿಂದ ಒಳಗಿನವರೆಗೆ ಸಾಲಾಗಿ ಬಿದ್ದ ಹೆಜ್ಜೆ ನೋಡಿದಳು. ಬಾಯಿ ಸೊಟ್ಟಗಾಯಿತು. ಗಂಟಲಿನಲ್ಲಿ ಏನೋ ಹತ್ತಿ ಇಳಿದು ಮತ್ತೆ ಹತ್ತಿತು.

"ಧನೂ," ಎಂದಳು. "ಕಾಲು... ತೊಳಿ."

ಧನಲಕ್ಷ್ಮಿ ಎದ್ದಳು. ಹಿತ್ತಲಿಗೆ ಹೋಗಿ ಬಾನಿಯಿಂದ ನೀರು ಮೊಗೆದು ಕಾಲ ಮೇಲೆ ಹೊಯ್ದುಕೊಂಡಳು. ಕೆಸರೆಲ್ಲ ಹೋದ ಮೇಲೂ ಹೊಯ್ದುಕೊಳ್ಳುತ್ತಲೇ ಇದ್ದಳು.